ಚಂದಯ್ಯ ಮಾವನ ಗುರುತಿನ ಮೇಲೆ ಗಣಪನ ದೋಣಿ

ಇದನ್ನೊಂದು ಪೂರ್ತಿ ಕೇಳಿ, ನಡುವೆ ಬಾಯಿ ಹಾಕಬೇಡಿ, ಆಮೇಲೆ ಬೇಕಾದರೆ ಬೈಯಿರಿ.

ಗಂಗೊಳ್ಳಿಯ ಚಂದಯ್ಯ ನನ್ನ ಸೋದರಮಾವ. ಅಕ್ಟೋಬರ್ ಬಂದರೆ ಅವರು ತೆಂಗಿನ ಗರಿಗಳನ್ನು ಕಟ್ಟು ಕಟ್ಟಿ, ಮರಳಿನ ಚೀಲ ಬಿಗಿದು ಕಡಲಿಗೆ ಇಳಿಸುತ್ತಾರೆ. ಬೊಂಡಾಸ್ ಎಂಬ ಮಸಿ ಕಾರುವ ಮೀನು ಅದರಲ್ಲಿ ಮೊಟ್ಟೆ ಇಡಲು ಬರುತ್ತದೆ, ಗಾಳ ಹಾಕಿ ಎತ್ತುವುದು. ಗುರುತಿಗೆ ಬೆಂಡು ತೇಲಿಬಿಡುವ ಹಾಗಿಲ್ಲ, ಬಿಟ್ಟರೆ ಬೇರೆಯವರು ಬಂದು ದೋಚುತ್ತಾರೆ. ಜಾಗ ಗೊತ್ತಿರುವುದು ಜಿಪಿಎಸ್‌ಗೆ ಮಾತ್ರ. ಬೈಂದೂರು ಕಡೆಯ ಗಣಪನದೂ ಇದೇ ಕಸುಬು. ಅವನ ಕಟ್ಟು ನಮ್ಮದಕ್ಕೆ ಅಷ್ಟು ಹತ್ತಿರದಲ್ಲಿದೆ ಎಂದು ನಮಗ್ಯಾರಿಗೂ ಗೊತ್ತಿರಲಿಲ್ಲ.

ರಜೆಯಲ್ಲಿ ನಾನೂ ದೋಣಿ ಹತ್ತಿದ್ದೆ. ನನಗೆ ರೇಡಿಯೋ ಹುಚ್ಚು. ಬೆಳಿಗ್ಗೆಯೇ ಫೋನಿಗೆ ಎಚ್ಚರಿಕೆ ಬಂದಿತ್ತು: ಸೂರ್ಯನಿಂದ ಸಿಡಿದ ಕಣಗಳ ಮೋಡ ಭೂಮಿಯ ಕಾಂತಕ್ಷೇತ್ರಕ್ಕೆ ಗುದ್ದಿದೆ. ಆಗ ವಾತಾವರಣದ ಮೇಲಿನ ಪದರವಾದ ಅಯಾನುಗೋಳ ಕದಡಿಹೋಗುತ್ತದೆ, ಉಪಗ್ರಹದ ಸಂಕೇತ ಅದನ್ನು ದಾಟುವಾಗ ತಡವಾಗುತ್ತದೆ, ಆ ತಡವನ್ನು ಜಿಪಿಎಸ್ ದೂರ ಎಂದು ಲೆಕ್ಕ ಹಾಕಿ ಜಾಗವನ್ನೇ ತಪ್ಪು ತೋರಿಸುತ್ತದೆ. ಮಾವನ ಜಿಪಿಎಸ್ ಪೆಟ್ಟಿಗೆಯೋ ಓಬೀರಾಯನ ಕಾಲದ್ದು!

ಮಧ್ಯಾಹ್ನ ನಮ್ಮ ಗುರುತಿಗೆ ಬಂದರೆ ಅಲ್ಲಿ ಗಣಪ. ಲಂಗರು ಹಾಕಿ ಗಾಳ ಎತ್ತುತ್ತಿದ್ದಾನೆ.

“ಹ್ವಾಯ್ ಗಣಪ! ಯಾರ್ ಕಟ್ಟಿನ್ ಮೇಲ್ ಕೂಕಂಡಿದ್ದೆ?” ಮಾವ ಕೂಗಿದರು.

“ನಂದೇ ಮಾರಾಯ! ಬೆಳಿಗ್ಗಿಂದ ಇಲ್ಲೇ ಇದ್ದೆ. ತಲಿ ಸಮ ಇತ್ತಾ ನಿಂದ್?”

ನಾನು ಮಾವನ ತೋಳು ಹಿಡಿದೆ. “ಮಾವ, ಇವತ್ತ್ ಜಿಪಿಎಸ್ ನಂಬುಕಾತಿಲ್ಲ. ಸೂರ್ಯಂದ್ ಗಲಾಟಿ.”

“ಎಂತ? ಸೂರ್ಯ ಬಂದ್ ನನ್ ಬೊಂಡಾಸ್ ಕದ್ಕಂಡ್ ಹೋಪ್ದಾ? ಓದಿದ್ ಹೆಚ್ಚಾಯ್ತ್ ನಿಂಗೆ. ನಾಗು, ಗುದ್ಸಾ!”

ನಾಗು ಮಾವನ ಮಗ, ಚುಕ್ಕಾಣಿ ಅವನ ಕೈಯಲ್ಲಿ. ಗುದ್ದಿಸಿಯೇ ಬಿಟ್ಟ. ಗಣಪನ ದೋಣಿಯ ಬದಿ ಸೀಳಿತು. ಮಾವ ಕಬ್ಬಿಣದ ರಾಡು ಹಿಡಿದು ಆಚೆ ಹಾರಿದರು. ಮೊದಲ ಏಟಿಗೇ ಗಣಪನ ಮೊಣಕೈ ಮುರಿದ ಶಬ್ದ ನಮ್ಮ ದೋಣಿಯಲ್ಲಿದ್ದ ನನಗೇ ಕೇಳಿತು. ನಾಗು ಹಿಂದೆಯೇ ಹಾರಿ ಗಾಳದ ಗೊಂಚಲು ಬೀಸಿದ, ಗಣಪನ ಆಳೊಬ್ಬನ ಕೆನ್ನೆ ಕಿತ್ತು ಬಂತು. ಬೊಂಡಾಸಿನ ಕಪ್ಪು ಮಸಿ, ಮನುಷ್ಯರ ರಕ್ತ, ಎಲ್ಲ ಒಂದಾಗಿ ಹಲಗೆಯ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ.

ನಾನು ಬೇಕೆಂದೇ ನಮ್ಮ ಲಂಗರನ್ನು ನೀರಿಗೆ ಬಿಟ್ಟೆ. ಕೆಳಗಿರುವ ಕಟ್ಟು ಯಾರದು ಎಂದು ನೋಡಬೇಕಿತ್ತು. ಅದು ಕಚ್ಚಿಕೊಂಡಿತು, ಲಂಗರು ಎತ್ತುವ ಯಂತ್ರ ತಿರುಗಿಸಿ ಎಳೆದೆ, ತೆಂಗಿನ ಗರಿ ಮೇಲೆ ಬಂತು. ಮಾವ ಯಾವತ್ತೂ ಕಟ್ಟುವುದು ಕೆಂಪು ಹಗ್ಗದಲ್ಲಿ. ಇದು ಹಸಿರು. ಕಟ್ಟು ಗಣಪನದೇ!

ಅಷ್ಟರಲ್ಲಿ ಮಾವ ಗಣಪನನ್ನು ಅಡ್ಡ ಕೆಡವಿ, ಕುತ್ತಿಗೆಗೆ ರಾಡು ಇಟ್ಟು ಮೈಭಾರ ಹಾಕಿದ್ದರು. ಗಣಪನ ನಾಲಿಗೆ ಹೊರಗೆ ಬಂದಿತ್ತು. ಅವನ ತಮ್ಮನೂ ಆಳುಗಳೂ ಹೆದರಿ ಮೂಲೆ ಸೇರಿದ್ದರು. ತಪ್ಪು ತಮ್ಮದೇ ಇರಬಹುದು ಎಂಬ ಅನುಮಾನ ಅವರಿಗೂ ಇತ್ತು. ಸತ್ಯ ಕೂಗಿದರೆ ಅವರು ತಿರುಗಿ ಬೀಳುತ್ತಾರೆ. ಸುಮ್ಮನಿದ್ದರೆ ಗಣಪ ಸಾಯುತ್ತಾನೆ.

“ಮಾವಾ, ಬಿಡಿ! ಹಗ್ಗ ಹಸ್ರ್! ಕಟ್ಟ್ ಗಣಪಂದೇ!”

ಮಾವ ತಲೆ ಎತ್ತಿ ನನ್ನ ಕಡೆ ನೋಡಿದರು, ರಾಡು ಸಡಿಲಿತು. ಗಣಪನ ತಮ್ಮ ಮಾವನ ಮುಖಕ್ಕೆ ಕೊಕ್ಕೆ ಬೀಸಿದ್ದು ಆಗಲೇ.

ಗಣಪ ಬದುಕಿದ. ಮಾವನ ಎಡಗಣ್ಣು ಹೋಯಿತು. “ಬಾಯ್ ಮುಚ್ಕಂಡ್ ಕೂಕಂಬುಕೆ ಆತಿರ್ಲಿಲ್ಯಾ ನಿಂಗೆ?” ಎಂದು ಮಾವನ ಹೆಂಡತಿ ಜಲಜತ್ತೆ ನನ್ನನ್ನು ಹೊಸ್ತಿಲು ಹತ್ತಿಸುತ್ತಿಲ್ಲ.

ನೀವೇ ಹೇಳಿ, ಆ ದೋಣಿಯಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?