ಡೋರ್ಕಸ್ ಬರೆದ ಆರು ಸಾಲು

ಕೊಲ್ಲಿ ನಾಡಿನ ಅಲ್ ಮಬೇಲಾದ ಫ್ರೇಮಿನ ಅಂಗಡಿಯಲ್ಲಿ ಭೋಜರಾಜರು ಇಪ್ಪತ್ತೆರಡು ವರ್ಷಗಳಿಂದ ಎಲ್ಲಕ್ಕೂ ಚೌಕಟ್ಟು ಹಾಕಿದ್ದಾರೆ. ಕುರಾನಿನ ಸಾಲು, ಮದುವೆಯ ಫೋಟೊ, ಕಟೀಲು ದೇವಿಯ ಪಟ. ಆದರೆ ಆ ದಿನ ನಿಕೋಲ್ ಎಂಬಾಕೆ ಬಿಸ್ಕತ್ತಿನ ಡಬ್ಬಿಯಿಂದ ತೆಗೆದಿಟ್ಟಂಥ ವಸ್ತುವನ್ನು ಅವರು ಹಿಂದೆಂದೂ ನೋಡಿರಲಿಲ್ಲ. ಬಸ್ ಟಿಕೆಟ್ಟಿಗಿಂತ ತುಸು ದೊಡ್ಡ ಹಳದಿ ಕಾಗದ. ಯಾರೋ ಅದನ್ನು ರಟ್ಟಿಗೆ ಅಂಟಿಸಿದ್ದರು.

ನಿಕೋಲ್ ಹತ್ತಿರದ ಅಲ್ ಹೈಲ್‌ನಲ್ಲಿದ್ದ ಟೀಚರು. ಊರು ಕೆರಿಬಿಯನ್ ಸಮುದ್ರದ ಆಂಟಿಗಾ ದ್ವೀಪ. ಭೋಜರಾಜರಿಗೆ ಅರ್ಥವಾಗಲೆಂದು ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದಳು: "ಇದು ನಮ್ಮ ಮನೆತನದ ಹಿರಿಯಳದು. ಡೋರ್ಕಸ್ ಅಂತ. ಕಬ್ಬಿನ ತೋಟದಲ್ಲಿ ಗುಲಾಮಳಾಗಿದ್ದವಳು."

ಇನ್ನೂರು ವರ್ಷಕ್ಕೂ ಹಿಂದೆ ಮೆಥೊಡಿಸ್ಟ್ ಪಂಥದ ಕ್ರೈಸ್ತ ಮಿಷನರಿಗಳು ಅಲ್ಲಿನ ಗುಲಾಮರ ನಡುವೆ ಕೆಲಸ ಶುರುಮಾಡಿದ್ದರು. ಸಂಘ ಸೇರಿದವರಿಗೆ ಮೂರು ತಿಂಗಳಿಗೊಮ್ಮೆ ಇಂಥ ಚೀಟಿ ಸಿಗುತ್ತಿತ್ತು. ಬೈಬಲಿನ ಒಂದು ವಾಕ್ಯ, ಕೆಳಗೆ ಬೋಧಕನ ಕೈಬರಹದಲ್ಲಿ ಆ ಸದಸ್ಯರ ಹೆಸರು. ಆ ತೋಟದ ಬೋಧಕ ಜ್ವರದಲ್ಲಿ ತೀರಿಕೊಂಡ. ಮತ್ತೊಬ್ಬ ಬರಲು ಏಳು ವರ್ಷ ಹಿಡಿಯಿತು. ಅಷ್ಟೂ ವರ್ಷ ಜನರನ್ನು ಪ್ರಾರ್ಥನೆಗೆ ಕೂಡಿಸಿದವಳು ಡೋರ್ಕಸ್.

"ಎಲ್ಲ ಬಾಯಿಪಾಠ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಬರೆಯಲು ಕಲಿಸಿದರೆ ಯಜಮಾನ ಮಿಷನ್ನನ್ನೇ ಓಡಿಸುತ್ತಿದ್ದನಂತೆ," ಎಂದಳು ನಿಕೋಲ್.

ಭೋಜರಾಜರು ಕಾಗದದ ಅಂಚನ್ನು ಪರೀಕ್ಷಿಸಿದರು. "ಮೇಡಂ, ಈ ರಟ್ಟು ಕಾಗದವನ್ನು ತಿನ್ನುತ್ತಾ ಉಂಟು. ಬಿಡಿಸದಿದ್ದರೆ ಪುಡಿಯಾಗ್ತದೆ."

"ಬಿಡಿಸುವಾಗ ಹರಿದರೆ?"

"ಹರಿಯಬಹುದು," ಎಂದರು. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಅವಳು ಚೀಟಿಯನ್ನು ಅವರತ್ತ ಸರಿಸಿದಳು. "ಬಿಡಿಸಿ. ನಾನು ಪಕ್ಕದಲ್ಲೇ ಇರುತ್ತೇನೆ."

ಶುಕ್ರವಾರ ಮಧ್ಯಾಹ್ನ ಅಂಗಡಿಯ ಶಟರ್ ಅರ್ಧ ಎಳೆದು ಕೆಲಸಕ್ಕೆ ಕುಳಿತರು. ತೆಳು ಬ್ಲೇಡಿನಿಂದ ರಟ್ಟನ್ನು ಪದರ ಪದರವಾಗಿ ಕೆತ್ತಿದರು. ಊಟ ತಂದಿದ್ದ ಹೆಂಡತಿ ಮೋಹಿನಿ ಅಲ್ಲೇ ನಿಂತಳು.

"ಎಂತ ಅವಸರ? ಒಂದು ಚಾ ಕುಡಿದು ಮಾಡಿ ಮಾರಾಯ್ರೆ."

"ಈಗ ಮಾತಾಡಬೇಡ."

ಕೊನೆಯ ಪದರಕ್ಕೆ ಒದ್ದೆ ಬ್ಲಾಟಿಂಗ್ ಕಾಗದ ಇಟ್ಟು ಕಾದರು. ಹಿಟ್ಟಿನ ಅಂಟು ಮೆತ್ತಗಾಯಿತು, ರಟ್ಟು ಸಿಪ್ಪೆಯಂತೆ ಎದ್ದು ಬಂತು. ಚೀಟಿ ಹರಿಯಲಿಲ್ಲ. ಹಿಂಬದಿಯಲ್ಲಿ ಕಂದು ಕಲೆಗಳಿದ್ದವು. ಕಲೆಯೇ ಎಂದುಕೊಂಡು ಅವರು ಭೂತಗನ್ನಡಿ ಹಿಡಿದರು. 

"ಮೇಡಂ, ಇಲ್ಲಿ ನೋಡಿ."

ಅದು ಶಾಯಿ. ಆರು ಸಾಲು. ಮೊದಲ ಸಾಲಿನಲ್ಲಿ ಒಂದೇ ಇಂಗ್ಲಿಷ್ ಅಕ್ಷರ, ಡಿ, ಅದರ ಹೊಟ್ಟೆ ಎಡಕ್ಕೆ. ಎರಡನೆಯದರಲ್ಲಿ ಹೊಟ್ಟೆ ಸರಿಯಾಗಿ ಬಲಕ್ಕೆ ಬಂದು ಓ ಜೊತೆಗೂಡಿತ್ತು. ಮೂರರಲ್ಲಿ ಆರ್‌ನ ಕಾಲು ಉದ್ದವಾಗಿ ಕೆಳಗಿಳಿದಿತ್ತು. ಐದರಲ್ಲಿ ಕೊನೆಯ ಎಸ್ ತಿರುವುಮುರುವು. ಆರನೆಯ ಸಾಲಿನಲ್ಲಿ, ಪುಟ್ಟದಾಗಿ, ತಪ್ಪಿಲ್ಲದೆ: ಡೋರ್ಕಸ್. ಮುಂಬದಿಯ ಬೋಧಕನ ಬಾಗಿದ ಬರಹಕ್ಕೂ ಈ ಬರಹಕ್ಕೂ ಯಾವ ಹೋಲಿಕೆಯೂ ಇರಲಿಲ್ಲ.

ನಿಕೋಲ್ ಭೂತಗನ್ನಡಿ ತೆಗೆದುಕೊಂಡು ಆರೂ ಸಾಲು ಮತ್ತೊಮ್ಮೆ ನೋಡಿದಳು.

"ಅವಳೇ ಬರೆದದ್ದಾ?" ಮೋಹಿನಿಯ ದನಿ ಪಿಸುಮಾತಾಗಿತ್ತು. "ಯಾರಿಗೂ ಕಾಣದ ಹಾಗೆ ಎಲ್ಲಿ ಕೂತು ಬರೆದಳೋ ದೇವರೇ!"

ಆಂಟಿಗಾದಲ್ಲಿ ಆಗಿನ್ನೂ ಬೆಳಿಗ್ಗೆ. ನಿಕೋಲ್ ತಾಯಿಗೆ ವೀಡಿಯೊ ಕಾಲ್ ಮಾಡಿ ಫೋನನ್ನು ಚೀಟಿಯ ಮೇಲೆ ಹಿಡಿದಳು. "ಅಮ್ಮಾ, ಅವಳಿಗೆ ಬರೆಯಲು ಬರುತ್ತಿತ್ತು."

ಪರದೆಯಲ್ಲಿದ್ದ ಮುದುಕಿ ಕನ್ನಡಕ ಸರಿಮಾಡಿಕೊಂಡಳು. ಮೊದಲ ಸಾಲಿನಿಂದ ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿದಳು, ತಿರುಗಿದ ಅಕ್ಷರಗಳನ್ನೂ ಬಿಡದೆ. ಆರನೆಯ ಸಾಲಿಗೆ ಬಂದಾಗ ಓದು ನಿಂತಿತು. ಅವಳು ಮೇಜು ಹಿಡಿದು, ಕಷ್ಟಪಟ್ಟು, ಎದ್ದು ನಿಂತಳು. ನಿಂತೇ ಆ ಹೆಸರು ಓದಿದಳು.

ಭೋಜರಾಜರು ತಿರುಗಿ ನೋಡಿದರೆ ಮೋಹಿನಿ ಚಪ್ಪಲಿ ಕಳಚಿ ನಿಂತಿದ್ದಳು. ಅವರೂ ಕಳಚಿದರು.

ಆ ಚೀಟಿಗೆ ಅವರು ಎರಡೂ ಕಡೆ ಗಾಜು ಹಾಕಿದರು. ಎರಡೂ ಕಡೆ ಮುಖವೇ ಆದ್ದರಿಂದ, ಎಂದಿನಂತೆ ಹಿಂಬದಿಗೆ ಅಂಗಡಿಯ ಹೆಸರಿನ ಸ್ಟಿಕ್ಕರ್ ಅಂಟಿಸಲು ಜಾಗವೇ ಉಳಿಯಲಿಲ್ಲ.