ಒಂದು ತೋಳಿನ ಕೋಟು

ದರ್ಜಿಯ ಬಿಡುಗಡೆಗೆ ದೊಡ್ಡ ಅಡ್ಡಿ ದರ್ಜಿಯೇ ಎಂಬುದು ವಕೀಲೆಗೆ ಮೊದಲ ಭೇಟಿಯಲ್ಲೇ ಗೊತ್ತಾಗಿಹೋಯಿತು.

ಆಕೆ ಸೈನ್ಯದ ವಕೀಲೆ. ಹಿಡಿದವರ ಕಡೆಯವಳೇ, ಆದರೆ ಸಿಕ್ಕಿಬಿದ್ದವನ ಪರವಾಗಿ ಮಾತಾಡಲು ನೇಮಕಗೊಂಡವಳು. ಈ ಉದ್ಯೋಗದಲ್ಲಿ ಸೋತರೆ ಕೈದಿಯ ಶಾಪ, ಗೆದ್ದರೆ ಮೇಲಧಿಕಾರಿಯ ಶಾಪ. ಸಂಬಳ ಮಾತ್ರ ಎರಡಕ್ಕೂ ಒಂದೇ. ನದಿಯ ಆಚೆ ದಡ ಶತ್ರುದೇಶ. ಎರಡೂ ದಡಗಳ ಭಾಷೆ ಒಂದೇ, ಬೈಗುಳವೂ ಒಂದೇ, ಹಾಗಾಗಿ ಈ ಯುದ್ಧದಲ್ಲಿ ದುಭಾಷಿಗಳಿಗೆ ಕೆಲಸವಿರಲಿಲ್ಲ. ಈಚೆಯ ಸೈನ್ಯ ಸೇತುವೆ ದಾಟಿ ಆಚೆಯ ಪಟ್ಟಣಕ್ಕೆ ನುಗ್ಗಿ, ಅಲ್ಲಿ ನಿಲ್ಲಲಾರದೆ ವಾಪಸು ಬರುವಾಗ, ಬರಿಗೈಲಿ ಬಂದರೆ ಚೆನ್ನಾಗಿರುವುದಿಲ್ಲವೆಂದೋ ಏನೋ, ಒಂದಷ್ಟು ಜನರನ್ನು ಹಿಡಿದು ತಂದಿತ್ತು. ಅವರಲ್ಲಿ ದರ್ಜಿಯೂ ಒಬ್ಬ.

ಕೈದಿಗಳನ್ನು ಇಟ್ಟಿದ್ದು ಸೇತುವೆ ಪಕ್ಕದ ಹಳೇ ಸುಂಕದ ಕಚೇರಿಯಲ್ಲಿ. ಭೇಟಿಯ ಕೋಣೆಯ ಮಧ್ಯದಲ್ಲಿ ಮೂಟೆ ತೂಗುವ ತಕ್ಕಡಿಯೊಂದು ನೆಲಕ್ಕೆ ಕಚ್ಚಿಕೊಂಡು ನಿಂತಿತ್ತು. ಕೀಳಲಾಗದೆ ಹಾಗೇ ಬಿಟ್ಟಿದ್ದರು.

"ನೀವು ಕೋವಿ ಎತ್ತಿ ಹಿಡಿದಿದ್ದು ನಿಜವಾ?" ಎಂದು ವಕೀಲೆ ಕೇಳಿದಳು.

"ಎತ್ತದೆ ತೋಳು ಹೇಗೆ ನೋಡೋದು, ವಕೀಲಮ್ಮ?" ಎಂದ ದರ್ಜಿ.

ವಿಷಯ ಇಷ್ಟು. ಗುಮಾಸ್ತನ ಕೋಟು ಬೇರೆ, ಸಿಪಾಯಿಯ ಕೋಟು ಬೇರೆ. ಗುಮಾಸ್ತ ಜನ್ಮವಿಡೀ ಕೈ ಇಳಿಬಿಟ್ಟುಕೊಂಡಿರುತ್ತಾನೆ. ಸಿಪಾಯಿ ಕೋವಿಯನ್ನು ಭುಜಕ್ಕೇರಿಸಿದಾಗ ಕಂಕುಳು ಹಿಡಿಯಬಾರದು, ಬೆನ್ನು ಎಳೆಯಬಾರದು, ತೋಳು ಮೊಣಕೈಗೆ ಓಡಬಾರದು. ಗಿರಾಕಿಯ ಮೈಕಟ್ಟು ತನ್ನದರಂತೆಯೇ ಇದ್ದರೆ ದರ್ಜಿ ಕೋಟನ್ನು ತಾನೇ ತೊಟ್ಟು, ಗಿರಾಕಿಯ ಕೋವಿಯನ್ನೇ ಎತ್ತಿ, ಕನ್ನಡಿಯ ಮುಂದೆ ನಿಂತು ಪರೀಕ್ಷೆ ಮಾಡುತ್ತಿದ್ದ. ಅಂದೂ ಹಾಗೇ ನಿಂತಿದ್ದ. ಬಲತೋಳು ಕೂಡಿಸಿ ಆಗಿತ್ತು. ಎಡತೋಳು ಇಸ್ತ್ರಿ ಮೇಜಿನ ಮೇಲಿತ್ತು. ಅಷ್ಟರಲ್ಲಿ ಯಾರೋ ಬಾಗಿಲು ಒದ್ದರು. ಕನ್ನಡಿಯೊಳಗೆ ಸೈನಿಕರು ಕಂಡರು. ದರ್ಜಿ ಬೆಚ್ಚಿದ, ಬೆರಳು ಕೋವಿಯ ಕುದುರೆಯನ್ನು ಒತ್ತಿತು. ಕನ್ನಡಿ ಪುಡಿಪುಡಿಯಾಯಿತು. ಹಾರಿದ ಒಂದು ಚೂರು ಸೈನಿಕನೊಬ್ಬನ ಕಿವಿಯನ್ನು ಗೀರಿತು. ಆ ಕಿವಿಗೆ ಈಗ ಪದಕದ ಶಿಫಾರಸಾಗಿತ್ತು.

"ಕೋವಿ ಯಾರದು?"

"ಗಿರಾಕಿದು."

"ಯಾವ ಗಿರಾಕಿ? ಅವನು ಬಂದು ಒಂದು ಮಾತು ಹೇಳಿದ್ರೆ ಸಾಕಲ್ವಾ?"

"ಅದೊಂದು ಕೇಳಬೇಡಿ. ಗಿರಾಕಿ ಹೊಟ್ಟೆ ಸುತ್ತಳತೇನ ಅವನ ಹೆಂಡತಿಗೂ ಹೇಳೋನಲ್ಲ ನಾನು. ಇನ್ನು ಕೋವಿ ಬಿಟ್ಟುಹೋದ ಅಂತ ಹೇಳಿದ್ರೆ ಅವನ ನೌಕರಿ ಉಳಿಯುತ್ತಾ?"

ವಕೀಲೆ ಆಚೆ ದಡದ ಸೈನ್ಯಕ್ಕೇ ಹೇಳಿ ಕಳಿಸಿ ಕೇಳಿದ್ದಳು. 'ನಮ್ಮಲ್ಲಿ ಇಂಥ ದರ್ಜಿಯೂ ಇಲ್ಲ, ನಮ್ಮ ಯಾವ ಕೋವಿಯೂ ಕಳೆದಿಲ್ಲ' ಎಂಬ ಉತ್ತರ ಬಂದಿತ್ತು. ಕೋವಿ ಮಾತ್ರ ಆಚೆಯವರ ಸರ್ಕಾರಿ ಮುದ್ರೆ ಹೊತ್ತು ಆಕೆಯ ಬೀರುವಿನಲ್ಲಿ ಆರಾಮಾಗಿ ಮಲಗಿತ್ತು.

"ನೋಡಿ ಯಜಮಾನ್ರೇ," ಎಂದು ಆಕೆ ಕುರ್ಚಿ ಹತ್ತಿರ ಎಳೆದುಕೊಂಡಳು. "ಸೈನಿಕ ಗುಂಡು ಹಾರಿಸಿದ್ರೆ ಅದು ಅವನ ಕೆಲಸ. ಸಿಕ್ಕಿಬಿದ್ರೆ ಯುದ್ಧಕೈದಿ. ಇನ್ನೇನು ಕೈದಿಗಳ ಅದಲುಬದಲು ಇದೆ, ಯುದ್ಧಕೈದಿಗಳು ಬಸ್ ಹತ್ತಿ ಮನೆಗೆ ಹೋಗ್ತಾರೆ. ಸೈನಿಕ ಅಲ್ಲದೋನು ಹಾರಿಸಿದ್ರೆ ಕೊಲೆಯತ್ನ. ಅವನಿಗೆ ಬಸ್ ಇಲ್ಲ, ಮೊಕದ್ದಮೆ, ಆಮೇಲೆ ಜೈಲು."

ದರ್ಜಿ ಯೋಚಿಸಿದ. "ಅಂದ್ರೆ ಗುರಿ ಇಟ್ಟು ಹೊಡೆದೋನು ಮನೆಗೆ, ಬೆಚ್ಚಿಬಿದ್ದು ಸ್ವಂತ ಕನ್ನಡಿ ಒಡ್ಕೊಂಡೋನು ಜೈಲಿಗೆ?"

"ನೀವು ಬೆಚ್ಚಿಬಿದ್ರಿ ಅಂತ ಅವರು ನಂಬಬೇಕಲ್ಲ. ನಂಬಿದ್ರೂ ನಿಮ್ಮನ್ನ ನಾಗರಿಕ ಅಂತಾರೆ. ನಾಗರಿಕರ ವಿಚಾರಣೆಗೆ ಬೇರೆ ಮಂಡಳಿ ಆಗಬೇಕು. ಅಲ್ಲಿವರೆಗೆ ನೀವು ಇಲ್ಲೇ. ಅದು ಇನ್ನೂ ಆಗಿಲ್ಲ. ಯಾವಾಗ ಆಗುತ್ತೆ ಅಂತ ಕೇಳಿದ್ರೆ ನಗ್ತಾರೆ."

"ಯಾರು ಬರೆದ ಕಾಯ್ದೆ ಇದು?"

"ಜಿನೀವಾದಲ್ಲಿ ದೊಡ್ಡದೊಡ್ಡೋರು ಸೇರಿ ಬರೆದದ್ದು."

"ಅವರಿಗೆ ಬಟ್ಟೆ ಯಾರು ಹೊಲೀತಿದ್ರೋ ಪಾಪ. ಎರಡೇ ಅಳತೆ ಇಟ್ಕೊಂಡು ಊರಿಗೆಲ್ಲ ಹೊಲಿದ ಹಾಗಿದೆ."

ವಕೀಲೆಗೆ ನಗು ಬರಬೇಕಾಗಿತ್ತು, ತಲೆನೋವು ಬಂತು. ಸುಳ್ಳು ಹೇಳು ಎಂದು ಆಕೆ ಹೇಳುವಂತಿಲ್ಲ. ಆದರೆ ಕಾಯ್ದೆ ಓದಿ ಹೇಳಬಾರದು ಎಂದು ಎಲ್ಲೂ ಇರಲಿಲ್ಲ. ಜಿನೀವಾ ಒಪ್ಪಂದದಲ್ಲಿ ಒಂದು ಸಂದುಗೊಂದಿ ಇತ್ತು: ಶತ್ರು ಊರಿಗೆ ಬರುತ್ತಿರುವಾಗ, ದಂಡು ಕಟ್ಟಲು ಪುರಸೊತ್ತಿಲ್ಲದೆ, ತಾವಾಗಿ ಎಲ್ಲರಿಗೂ ಕಾಣುವಂತೆ ಆಯುಧ ಎತ್ತಿಕೊಂಡ ಊರವರೂ ಯುದ್ಧಕೈದಿಗಳೇ. ಅದನ್ನು ಆಕೆ ನಿಧಾನವಾಗಿ ಓದಿದಳು. ಮತ್ತೆ ಓದಿದಳು. 'ಶತ್ರು ಬರುತ್ತಿರುವಾಗ' ಎಂಬಲ್ಲಿ ನಿಲ್ಲಿಸಿ, ಹುಬ್ಬೇರಿಸಿ, ಅವನ ಮುಖ ನೋಡಿದಳು.

"ಒಳ್ಳೇ ಕಾಯ್ದೆ," ಎಂದ ದರ್ಜಿ. "ಆದರೆ ಕೋವಿ ಎತ್ತುವಾಗ ನಾನು ಶತ್ರುನ ನೋಡೇ ಇರಲಿಲ್ಲವಲ್ಲ. ಬಾಗಿಲಿಗೆ ಬೆನ್ನು ಮಾಡಿದ್ದೆ."

"ಚೆನ್ನಾಗಿ ನೆನಪು ಮಾಡ್ಕೊಳ್ಳಿ."

"ನೆನಪಿದೆ. ಬೆನ್ನೇ ಮಾಡಿದ್ದು."

ಮುಂದಿನ ಭೇಟಿಯ ದಿನ ಬಿಳಿ ಬಾವುಟದ ವ್ಯಾನು ದರ್ಜಿಯ ಹೆಂಡತಿಯನ್ನು ಸೇತುವೆ ದಾಟಿಸಿ ತಂದಿತು. ಆಕೆ ಗಟ್ಟಿ ಹೆಂಗಸು. ಕೂರಲು ಬೇರೆ ಜಾಗವಿಲ್ಲದೆ ತಕ್ಕಡಿಯ ಮೇಲೆ ಕೂತಳು; ತಕ್ಕಡಿಯ ಮುಳ್ಳು ಎದ್ದು ಕುಣಿಯಿತು. ವಕೀಲೆ ಆಕೆಗೂ ಎಲ್ಲ ವಿವರಿಸಿದಳು. ಆಕೆಗೆ ಒಂದೇ ಸಲಕ್ಕೆ ಅರ್ಥವಾಯಿತು.

"ಇಷ್ಟು ವರ್ಷ ನನ್ನ ಹತ್ರ ಸುಳ್ಳು ಹೇಳೋಕೆ ನಾಲಿಗೆ ಹೊರಳ್ತಿತ್ತು," ಎಂದು ಗಂಡನ ಕಡೆ ತಿರುಗಿದಳು. "'ನಾಳೆ ಕೊಡ್ತೀನಿ, ಗುಂಡಿ ಹಚ್ಚೋದೊಂದು ಬಾಕಿ' ಅಂತ ಊರಿಗೆಲ್ಲ ಸುಳ್ಳು ಹೇಳಿದ ಮನುಷ್ಯ ನೀವು. ಬಟ್ಟೆಗೆ ಕತ್ತರಿ ಕೂಡ ತಾಗಿರ್ತಿರಲಿಲ್ಲ! ಈಗ ಸತ್ಯಕ್ಕೆ ಹುಟ್ಟಿದೋರ ಹಾಗೆ ಆಡ್ತೀರಲ್ಲ?"

"ಅದು ವ್ಯಾಪಾರ ಕಣೆ."

"ಇದು?"

"ಇದೂ ವ್ಯಾಪಾರಾನೇ! ಯುದ್ಧಕ್ಕೆ ಮುಂಚೆ ಈಚೆ ದಡದೋರೂ ನನ್ನ ಗಿರಾಕಿಗಳೇ ತಾನೆ? ಈ ಜೈಲಿನ ಬಾಗಿಲಲ್ಲಿ ನಿಂತಿರೋ ಕಾವಲಿನವನ ಮದುವೆ ಕೋಟು ನಾನೇ ಹೊಲಿದದ್ದು. ಇವರಿಗೇ ಗುರಿ ಇಟ್ಟು ಹೊಡೆದೆ ಅಂತ ನನ್ನ ಬಾಯಿಂದ ನಾನೇ ಹೇಳಿದ್ರೆ, ಯುದ್ಧ ಮುಗಿದ ಮೇಲೆ ಯಾರು ಬಂದು ನನ್ನ ಮುಂದೆ ಅಳತೆಗೆ ನಿಲ್ತಾರೆ? ಕೈಲಿ ಕತ್ತರಿ ಬೇರೆ ಇರುತ್ತೆ."

ಹೆಂಡತಿ ವಕೀಲೆಯ ಮುಖ ನೋಡಿದಳು. ವಕೀಲೆ ಹೆಂಡತಿಯ ಮುಖ ನೋಡಿದಳು. ಒಂದೇ ಎತ್ತಿಗೆ ಹಗ್ಗ ಕಟ್ಟಿ ಎಳೆದು ಸುಸ್ತಾದ ಇಬ್ಬರು ಅಕ್ಕತಂಗಿಯರ ಹಾಗೆ ಕೂತಿದ್ದರು.

"ಹೇಗಾದ್ರೂ ಮಾಡಿ ಕಳಿಸಿಬಿಡಮ್ಮ," ಎಂದಳು ಹೆಂಡತಿ ಹೊರಡುವಾಗ, ದನಿ ಇಳಿಸಿ. "ಬೈಯೋಕೆ ಮನೇಲಿ ಬೇರೆ ಯಾರೂ ಇಲ್ಲ."

ವಿಚಾರಣೆಯೂ ಅದೇ ಕೋಣೆಯಲ್ಲೇ ನಡೆಯಿತು. ನ್ಯಾಯಮಂಡಳಿಯಲ್ಲಿ ಮೂವರು: ನಿವೃತ್ತಿಗೆ ಹತ್ತಿರವಾಗಿದ್ದ ಕರ್ನಲ್, ಸೈನ್ಯದ ಡಾಕ್ಟರು, ಬಸ್ಸು ಲಾರಿಗಳ ಉಸ್ತುವಾರಿಯ ಕ್ಯಾಪ್ಟನ್. ಎದುರು ವಾದಕ್ಕೆ ನಿಂತವನನ್ನು ಎಲ್ಲರೂ 'ಗಂಟಲು ಮೇಜರ್' ಎನ್ನುತ್ತಿದ್ದರು. ಆತ ಗಂಟಲು ಸರಿಮಾಡಿಕೊಳ್ಳದೆ ನೀರೂ ಕೇಳುತ್ತಿರಲಿಲ್ಲ. ಮೇಜಿನ ಮೇಲೆ ಕೋಟು ಮಲಗಿತ್ತು; ಎಡಗಡೆಯ ತೂತಿನ ಸುತ್ತ ಕಚ್ಚಾಹೊಲಿಗೆಯ ಬಿಳಿ ದಾರಗಳು ಮೀಸೆ ಬಿಟ್ಟುಕೊಂಡಿದ್ದವು.

ಮೇಜರ್ ಗಂಟಲು ಸರಿಮಾಡಿಕೊಂಡ. "ಈತ ಸೈನಿಕನಲ್ಲ, ಆದ್ದರಿಂದ ಯುದ್ಧಕೈದಿಯಲ್ಲ. ಕೋವಿ ಹಾರಿಸಿದ್ದಾನೆ, ಆದ್ದರಿಂದ ನಾಗರಿಕನ ರಕ್ಷಣೆಯೂ ಇಲ್ಲ. ಈತ ಅಕ್ರಮ ಯೋಧ."

"ಆ ಪದ ಒಪ್ಪಂದದ ಯಾವ ಪುಟದಲ್ಲಿದೆ?" ಎಂದು ವಕೀಲೆ ಎದ್ದಳು.

"ಪುಟದಲ್ಲಿಲ್ಲದಿದ್ದರೇನು, ಬಳಕೆಯಲ್ಲಿದೆ."

"ಬೈಗುಳವೂ ಬಳಕೆಯಲ್ಲಿದೆ. ಒಪ್ಪಂದದ ಮನೆಗೆ ಎರಡೇ ಕೋಣೆ ಸರ್. ಮನುಷ್ಯ ಒಂದರಲ್ಲಿಲ್ಲದಿದ್ದರೆ ಇನ್ನೊಂದರಲ್ಲಿರಬೇಕು. ಮೇಜರ್ ಸಾಹೇಬರು ನಡುವೆ ಕಿಟಕಿಯಿಲ್ಲದ ಮೂರನೇದೊಂದು ಕಟ್ಟಿ ನನ್ನ ಕಕ್ಷಿದಾರರನ್ನು ಅದರೊಳಗೆ ತಳ್ಳಿ ಬೀಗ ಹಾಕ್ತಿದ್ದಾರೆ."

ಕರ್ನಲ್ ಕೋಟನ್ನು ಬೆರಳ ತುದಿಯಿಂದ ಎತ್ತಿದ. "ಇದು ಸಮವಸ್ತ್ರವೋ ಅಲ್ಲವೋ?"

"ಅರ್ಧ ಸಮವಸ್ತ್ರ," ಎಂದ ಬಸ್ಸುಗಳ ಕ್ಯಾಪ್ಟನ್.

"ಅರ್ಧ ಅನ್ನೋದು ಹೇಗೆ?" ಎಂದರು ಡಾಕ್ಟರು. "ತೋಳು ತುಂಡಾದ ಸೈನಿಕ ಅರ್ಧ ಸೈನಿಕನಾ?"

ಇದರ ಮೇಲೆ ಬಹಳ ಹೊತ್ತು ಚರ್ಚೆಯಾಯಿತು. ಕೊನೆಗೆ ಕರ್ನಲ್ ದರ್ಜಿಯನ್ನೇ ಕೇಳಿದ. "ಏನಪ್ಪಾ, ನಮ್ಮ ಸೈನಿಕರು ಬರೋದು ಕಂಡು ಕೋವಿ ಎತ್ತಿದೆಯಾ?"

ವಕೀಲೆ ದರ್ಜಿಯ ಬಾಯನ್ನೇ ನೋಡಿದಳು. ಹೂಂ ಎಂದರೆ ಬಸ್ಸು. ಅದಕ್ಕೆ ತುಟಿ ಬಿಚ್ಚುವ ಶ್ರಮವೂ ಇರಲಿಲ್ಲ.

"ಇಲ್ಲ ಸ್ವಾಮಿ. ತೋಳು ನೋಡ್ತಿದ್ದೆ."

"ಕೋವಿಯಲ್ಲಿ ಗುಂಡಿತ್ತಲ್ಲ?" ಎಂದ ಮೇಜರ್.

"ಕೋವಿ ಗಿರಾಕಿದು. ಅದರೊಳಗೇನಿದೆ ಅಂತ ಕೆದಕೋದು ನಮ್ಮ ಪದ್ಧತಿ ಅಲ್ಲ. ನಾವು ಪ್ಯಾಂಟಿನ ಜೇಬೂ ನೋಡಲ್ಲ."

"ಗಿರಾಕಿ ಯಾರು?"

ದರ್ಜಿ ಬಾಯಿಗೆ ಗುಂಡಿ ಹಾಕಿಕೊಂಡ. ವಕೀಲೆ ಹಣೆಯನ್ನು ಅಂಗೈಗೆ ಒಪ್ಪಿಸಿದಳು.

ಮೂವರೂ ಕಿಟಕಿಯ ಹತ್ತಿರ ಹೋಗಿ ಗುಸುಗುಸು ಮಾಡಿದರು. ಗುಸುಗುಸು ಏರಿ ಜಗಳವಾಯಿತು. ಕರ್ನಲ್ ಪ್ರಕಾರ ಮೇಜರ್ ಹೇಳಿದ್ದೇ ಸರಿ. ಡಾಕ್ಟರ ಪ್ರಕಾರ ಈತ ಶುದ್ಧ ನಾಗರಿಕ, ಅದರಲ್ಲೂ ಸ್ವಲ್ಪ ಪೆದ್ದ. ಕ್ಯಾಪ್ಟನ್ ಪ್ರಕಾರ ಕೋಟು, ಕೋವಿ, ಗುಂಡು ಮೂರೂ ಇದ್ದ ಮೇಲೆ ಸೈನಿಕನೆನ್ನದೆ ದಾರಿಯಿಲ್ಲ. ಊಟದ ಹೊತ್ತು ಮೀರಿದರೂ ಒಬ್ಬರೂ ಜಗ್ಗಲಿಲ್ಲ.

ತಲೆನೋವಿನ ನಡುವೆಯೇ ವಕೀಲೆಗೆ ದಾರಿ ಹೊಳೆಯಿತು. ಅದು ಬಹಳ ದಿನಗಳಿಂದ ಆಕೆಯ ಕಣ್ಣೆದುರಿಗೇ ಬಿದ್ದಿತ್ತು.

"ಸರ್, ಸ್ಥಾನಮಾನದ ಬಗ್ಗೆ ಸಂದೇಹವಿದ್ದರೆ, ಅದು ತೀರ್ಮಾನ ಆಗೋವರೆಗೆ ಆತನನ್ನು ಯುದ್ಧಕೈದಿಯ ಹಾಗೇ ನಡೆಸಿಕೊಳ್ಳಬೇಕು. ಇದು ಒಪ್ಪಂದದ ಐದನೇ ವಿಧಿ."

"ಆ ಸಂದೇಹ ತೀರಿಸೋಕೇ ನಾವು ಕೂತಿರೋದು."

"ತೀರಿತಾ ಸರ್? ಮೂವರಿಗೆ ಮೂರು ಅಭಿಪ್ರಾಯ. ಇದು ಸಂದೇಹ ಅಲ್ಲದಿದ್ದರೆ ಇನ್ನಾವುದು ಸಂದೇಹ?"

ಕರ್ನಲ್ ಕಣ್ಣುಜ್ಜಿಕೊಂಡ. "ಹಾಗಾದರೆ ಇನ್ನೊಂದು ದಿನ ಕೂತು ತೀರ್ಮಾನ ಮಾಡೋಣ. ಬಸ್ಸು ಹೋದ ಮೇಲೆ."

"ಅಲ್ಲಿವರೆಗೆ ಈತ ಯುದ್ಧಕೈದಿ. ಯುದ್ಧಕೈದಿ ಆದ್ದರಿಂದ ಬಸ್ಸಿನಲ್ಲಿ ಹೋಗ್ತಾರೆ. ತೀರ್ಮಾನದ ದಿನ ಇಲ್ಲಿರಲ್ಲ."

"ಇನ್ನೂ ಒಳ್ಳೇದು!" ಎಂದು ಕರ್ನಲ್ ಎದ್ದುಬಿಟ್ಟ. ಗಂಟಲು ಮೇಜರ್ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಕೋಣೆ ಖಾಲಿಯಾಗಿತ್ತು.

ಇಷ್ಟಕ್ಕೇ ಮುಗಿದಿದ್ದರೆ ವಕೀಲೆ ಅಂದು ನೆಮ್ಮದಿಯಾಗಿ ಮಲಗುತ್ತಿದ್ದಳು. ಬಸ್ಸು ಹೊರಡುವ ಬೆಳಿಗ್ಗೆ ಹೊಸ ರಗಳೆ ಎದ್ದಿತು. ಯುದ್ಧಕೈದಿಗಳು ಸಿಕ್ಕಿಬಿದ್ದಾಗ ತೊಟ್ಟಿದ್ದ ಸಮವಸ್ತ್ರದಲ್ಲೇ ಹೋಗಬೇಕೆಂದು ಎರಡೂ ಕಡೆಯವರು ಒಪ್ಪಿದ್ದರು. ದರ್ಜಿ ಕೋಟನ್ನು ಕೈಯಲ್ಲಿ ಹಿಡಿದು ಬಸ್ಸಿನ ಮೆಟ್ಟಿಲ ಬಳಿ ಕಂಬದಂತೆ ನಿಂತಿದ್ದ.

"ಒಂದು ತೋಳಿನ ಕೋಟಿನಲ್ಲಿ ನಮ್ಮೂರಲ್ಲಿ ಇಳಿಯೋದಾ? ನನ್ನ ಕೈಕೆಲಸ ಇದು ಅಂತ ಜನ ಆಡ್ಕೊಳಲ್ವಾ?"

"ಯಜಮಾನ್ರೇ, ಹಾಕ್ಕೊಳ್ಳಿ."

"ಕೊನೇಪಕ್ಷ ಒಂದು ಸೂಜಿ ಕೊಡಿಸಿ, ಅಂಚಾದ್ರೂ ಮಡಿಚಿ..."

ವಕೀಲೆ ಹಠಮಾರಿ ಮಗುವಿಗೆ ಅಂಗಿ ತೊಡಿಸುವಂತೆ ಅವನ ಕೈ ಹಿಡಿದು ತೂರಿಸಿ, ಗುಂಡಿ ಹಾಕಿ, ಬೆನ್ನಿಗೆ ಕೈಕೊಟ್ಟು ಬಸ್ಸಿಗೆ ತಳ್ಳಿದಳು. ಇವನನ್ನು ನಂಬುವಂತಿಲ್ಲವೆಂದು ತಾನೂ ಹತ್ತಿ ಪಕ್ಕದಲ್ಲೇ ಕೂತಳು.

ಸೇತುವೆಯ ನಡುವೆ ಬಸ್ಸು ನಿಂತಿತು. ಆಚೆ ಕಡೆಯ ಕ್ಯಾಪ್ಟನ್ ಒಬ್ಬ ಕೈ ಹಿಂದೆ ಕಟ್ಟಿ ನಿಂತಿದ್ದ. ಅವನ ಮುಂದೆ ಹವಾಲ್ದಾರನೊಬ್ಬ ಇಳಿದವರನ್ನು ಒಬ್ಬೊಬ್ಬರಾಗಿ ನೋಡಿ ತನ್ನ ಕಡೆಗೆ ಬಿಟ್ಟುಕೊಳ್ಳುತ್ತಿದ್ದ. ಅವರ ಹಿಂದೆ, ಹಗ್ಗದಾಚೆಯ ಜನರ ಮಧ್ಯೆ, ದರ್ಜಿಯ ಹೆಂಡತಿ ಕುತ್ತಿಗೆ ಉದ್ದ ಮಾಡಿ ನಿಂತಿದ್ದಳು. ದರ್ಜಿಯ ಸರದಿ ಬಂತು. ಹವಾಲ್ದಾರ ಕೋಟು ನೋಡಿದ, ಮುಖ ನೋಡಿದ, ಥಟ್ಟನೆ ಬೇರೆ ಕಡೆ ನೋಡಿದ.

"ಇವರು ನಮ್ಮವರಲ್ಲ."

"ಸೈನಿಕನಲ್ಲವಾ?" ಎಂದ ಆಚೆಯ ಕ್ಯಾಪ್ಟನ್.

"ಅಲ್ಲ ಸರ್. ಯಾರೋ ಏನೋ. ವಾಪಸು ಕಳಿಸೋಣ."

ವಕೀಲೆಗೆ ನದಿಗೆ ಹಾರಿಬಿಡೋಣ ಅನ್ನಿಸಿತು. ಹಿಂದೆ ಹೋದರೆ ಗಂಟಲು ಮೇಜರ್ ಮೂರನೇ ಕೋಣೆಯ ಬೀಗದ ಕೈ ಹಿಡಿದು ಕಾದಿದ್ದಾನೆ. ಮುಂದೆ ಈ ಹವಾಲ್ದಾರ. ಮನುಷ್ಯ ನಿಲ್ಲಲು ಸೇತುವೆಯ ನಡುಭಾಗವೊಂದೇ ಉಳಿದದ್ದು. ಆಕೆ ಬಾಯಿ ತೆರೆಯುವಷ್ಟರಲ್ಲಿ ದರ್ಜಿ ಬಹಳ ವಿನಯದಿಂದ ಒಂದು ಹೆಜ್ಜೆ ಮುಂದಿಟ್ಟ.

"ನಮಸ್ಕಾರ ಹವಾಲ್ದಾರ್ರೇ. ಅವತ್ತು ಪಕ್ಕದ ಅಂಗಡೀಲಿ ಕ್ಷೌರ ಮಾಡಿಸ್ಕೊಂಡು ಈಗ ಬಂದೆ ಅಂತ ಹೋದೋರು, ಬರಲೇ ಇಲ್ಲ. ನೀವು ನನ್ನ ಹತ್ರ ಬಿಟ್ಟುಹೋದ..."

"ಕೋಟು!" ಎಂದು ಹವಾಲ್ದಾರ ಕಿರುಚಿದ. ಕುಂಬಳಕಾಯಿ ಕಳ್ಳನ ಕೈ ಹೆಗಲಿಗೆ ಹೋಗುವಂತೆ ಅವನ ಕೈ ಹೆಗಲ ಮೇಲಿನ ಹೊಸ ಕೋವಿಯ ಪಟ್ಟಿಗೆ ಹೋಗಿತ್ತು. "ಕೋಟು ಬಿಟ್ಟುಹೋಗಿದ್ದೆ ಸರ್! ನಮ್ಮವರೇ! ಕೋಟು ನೋಡಿ ಸರ್, ನಮ್ಮದೇ! ಬನ್ನಿ ಅಣ್ಣಾ, ಬನ್ನಿ, ಬನ್ನಿ!"

ಕೋವಿಯ ಮಾತು ಎತ್ತದೆಯೇ ದರ್ಜಿ ಗೆರೆ ದಾಟಿದ. ಅದು ಪೆದ್ದುತನವೋ ಜಾಣತನವೋ ಎಂದು ವಕೀಲೆ ಅವನ ಮುಖದಲ್ಲಿ ಹುಡುಕಿದಳು. ಅವನು ಮಾತ್ರ ಹವಾಲ್ದಾರನ ಸೊಂಟವನ್ನೇ ನೋಡುತ್ತಿದ್ದ.

"ಇಳಿದು ಹೋಗಿದ್ದೀರಲ್ಲ ನೀವು. ಪಕ್ಕ ಬಿಚ್ಚಿ ಒಳಕ್ಕೆ ಹಿಡೀಬೇಕಾಗುತ್ತೆ. ನಾಳೆ ಕೊಡ್ತೀನಿ, ಗುಂಡಿ ಹಚ್ಚೋದೊಂದು ಬಾಕಿ."

ಹೆಂಡತಿ ಹಗ್ಗದಡಿಯಿಂದ ನುಸುಳಿ ಬಂದಳು. ಅವನ ಬರಿತೋಳನ್ನು ಹಿಡಿದುಕೊಂಡು, ನಿಂತಲ್ಲೇ ಬೈಯಲು ಶುರುಮಾಡಿದಳು. ಬೈಗುಳ ಸೇತುವೆಯ ಕೊನೆಯವರೆಗೂ ಕೇಳುತ್ತಿತ್ತು. ಒಮ್ಮೆ ಮಾತ್ರ ದರ್ಜಿ ತಿರುಗಿ ಕೂಗಿದ.

"ವಕೀಲಮ್ಮಾ! ಯುದ್ಧ ಮುಗಿದ ಮೇಲೆ ಅಂಗಡಿಗೆ ಬನ್ನಿ, ನಿಮಗೊಂದು ಕೋಟು ಹೊಲಿದುಕೊಡ್ತೀನಿ. ಕೋವಿ ಮನೇಲಿಟ್ಟು ಬನ್ನಿ!"

ಬಸ್ಸಿನಲ್ಲಿ ವಾಪಸು ಬರುವಾಗ ಆಕೆಗೆ ತಲೆನೋವು ಇನ್ನೂ ಇತ್ತು. ಸುಂಕದ ಕಚೇರಿಯ ಬಾಗಿಲಲ್ಲಿ ಗಂಟಲು ಮೇಜರ್ ಕಾಯುತ್ತಿದ್ದ. ಅವನ ಪಕ್ಕದಲ್ಲಿ, ತಲೆಗೆ ಸಿಪಾಯಿಯ ಕಬ್ಬಿಣದ ಟೋಪಿ ಹಾಕಿಕೊಂಡು, ಕೈಯಲ್ಲಿ ದೊಡ್ಡ ಸೌಟು ಹಿಡಿದ ಇನ್ನೊಬ್ಬ ಕೈದಿ, ಆಚೆ ದಡದ ಅಡುಗೆಯವ, ನಿಂತಿದ್ದ.

"ಟೋಪಿ ಯಾಕಪ್ಪಾ?" ಎಂದು ಆಕೆ ದೂರದಿಂದಲೇ ಕೇಳಿದಳು.

"ಹಬೆ ಬಡೀಬಾರದು ಅಂತಮ್ಮ," ಎಂದ ಅವನು.

ವಕೀಲೆ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.