ಮತ್ತೆ ನೀಲಿಯಾದ ನೀರು

1961ನೆಯ ಮಾರ್ಚ್ 26, ರವಿವಾರ, ಬೆಳಗಿನ ಹತ್ತು ಗಂಟೆ ನಲವತ್ತು ನಿಮಿಷ. ಹುಬ್ಬಳ್ಳಿಯ ಒಂದು ಸಣ್ಣ ಕ್ರೈಸ್ತ ದೇವಾಲಯದಲ್ಲಿ ಗರಿಗಳ ರವಿವಾರದ ಆರಾಧನೆ ಮುಗಿದಿತ್ತು. ಪಕ್ಕದ ಉದ್ದನೆಯ ಕೋಣೆಯಲ್ಲಿ ಮಕ್ಕಳು ಚಾಪೆಯ ಮೇಲೆ ಕುಳಿತಿದ್ದರು. ಕಿಟಕಿಯ ಹತ್ತಿರದ ಮೇಜಿನ ಮೇಲೆ ಸುಗುಣಾ ಒಂದು ಬೀಕರ್ ಇಟ್ಟು, ಅದರ ಮೇಲೆ ಸ್ಟ್ಯಾಂಡಿಗೆ ಬ್ಯುರೆಟ್ ಸಿಕ್ಕಿಸುತ್ತಿದ್ದಳು. ಬ್ಯುರೆಟ್ ಎಂದರೆ ಉದ್ದಕ್ಕೂ ಅಳತೆಯ ಗೆರೆ ಕೊರೆದ ಗಾಜಿನ ಕೊಳವೆ. ತುದಿಯ ತಿರುಪು ತಿರುಗಿಸಿದರೆ ಒಳಗಿನ ದ್ರವ ಹನಿ ಹನಿಯಾಗಿ ಇಳಿಯುತ್ತದೆ.

ಸುಗುಣಾ ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ, ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ರವಿವಾರ ಮಕ್ಕಳಿಗೆ ಪಾಠ ಹೇಳುವಾಗ ಕಣ್ಣಿಗೆ ಕಾಣುವ ಒಂದು ವಸ್ತುವಿನಿಂದ ಆರಂಭಿಸುವುದು ಅವಳ ಪದ್ಧತಿ. ಹಾಲಿಗೆ ಹೆಪ್ಪು ಹಾಕಿ ದೇವರ ರಾಜ್ಯದ ಮಾತು ಹೇಳಿದ್ದಳು. ಕಂದೀಲಿನ ಮಸಿ ಹಿಡಿದ ಗಾಜನ್ನು ತಂದು ಒರೆಸಿ ತೋರಿಸಿದ್ದಳು. ತುಕ್ಕು ಹಿಡಿದ ಮೊಳೆಯನ್ನೂ ಅಯಸ್ಕಾಂತ ಬಿಡುವುದಿಲ್ಲ ಎಂದು ತೋರಿಸಿದ ವಾರ ಪಾಸ್ಟರ್ ಜೀವರತ್ನ ಅವರು ಅದನ್ನೇ ತಮ್ಮ ಪ್ರಸಂಗಕ್ಕೆ ಬಳಸಿಕೊಂಡಿದ್ದರು. ಈ ವಾರದ ವಿಷಯ ಪಾಪಕ್ಷಮೆ. ಅದಕ್ಕೆ ಹೈಪೋ ಎಂಬ ರಾಸಾಯನಿಕ ಬೇಕಾಗಿತ್ತು. ಶಾಲೆಯಲ್ಲಿ ತೀರಿದ್ದರಿಂದ ಶನಿವಾರ ಫೋಟೋ ಸ್ಟುಡಿಯೋದ ಗೌಸಸಾಬನ ಹತ್ತಿರ ಹೋಗಿದ್ದಳು.

“ನಾವು ಇದರಾಗ ಫೋಟೋ ತೊಳಿತೇವಿ, ನೀವು ಪಾಪ ತೊಳಿತೇವಿ ಅಂತೀರಿ,” ಎಂದು ಅವನು ಪೊಟ್ಟಣ ಕಟ್ಟಿದ್ದ. “ಇನ್ನೊಂದೀಟು ಒಯ್ಯರಿ ಟೀಚರ್. ಉಳಿದ್ರ ನಿಮ್ಮ ಹೆಡ್‌ಮಾಸ್ತರರನ್ನೂ ಅದ್ದಿ ತಗೀಬಹುದು.”

ಕೋಣೆಯ ಹಿಂದಿನ ಗೋಡೆಗೆ ಒರಗಿ ಕೆಲವು ದೊಡ್ಡವರೂ ನಿಂತಿದ್ದರು. ಅವರಲ್ಲಿ ಸುಗುಣಾಳ ಕಾಕಾ ಯೋನಪ್ಪ ಒಬ್ಬ. ತಂದೆತಾಯಿ ಹೋದ ಮೇಲೆ ಅವಳು ಬೆಳೆದದ್ದು ಅವನ ಮನೆಯಲ್ಲಿಯೇ. ಯೋನಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಊರಿನಲ್ಲಿ ಮದ್ಯ ನಿಷೇಧಿಸುವ ದಾರೂಬಂದಿ ಕಾಯಿದೆ ಇದ್ದರೂ ನಾಲಾ ಎಂಬ ಕೊಳಚೆ ಕಾಲುವೆಯ ಹಿಂದಿನ ಗುಡಿಸಲಿನಲ್ಲಿ ಕಳ್ಳಭಟ್ಟಿ ಸಿಗುತ್ತಿತ್ತು, ಸಂಬಳದ ದಿನ ಅವನು ಅಲ್ಲಿಗೆ ಹೋಗುತ್ತಿದ್ದ. ಸಭೆಯ ಹಿರಿಯರು ಅವನನ್ನು ಕರ್ತನ ಭೋಜನದಿಂದ ದೂರ ಇಟ್ಟು ಎರಡು ವರ್ಷವಾಗಿತ್ತು. ರೊಟ್ಟಿ ಮತ್ತು ಪಾತ್ರೆ ಹಂಚುವ ದಿನ ಅವನು ಕೊನೆಯ ಬೆಂಚಿನಿಂದ ಎದ್ದು ಹೊರಗೆ ಹೋಗಬೇಕು. ಹೆಂಡತಿ ರೂತವ್ವ ಒಬ್ಬಳೇ ಮುಂದೆ ಹೋಗಿ ಮೊಣಕಾಲೂರುತ್ತಿದ್ದಳು.

ಹೀಗೆ ದೂರ ಇಟ್ಟದ್ದು ಇದು ಮೂರನೆಯ ಸಲ. ಹಿಂದಿನ ಎರಡು ಸಲವೂ ಇನ್ನು ಕುಡಿಯುವುದಿಲ್ಲ ಎಂದು ಮಾತು ಕೊಟ್ಟು ಒಳಗೆ ಬಂದಿದ್ದ, ಎರಡು ಸಲವೂ ಮಾತು ಮುರಿದಿದ್ದ. ಆ ದಿನ ಹನ್ನೊಂದೂವರೆಗೆ ಹಿರಿಯರು ಮತ್ತೆ ಅವನನ್ನು ವಿಚಾರಿಸುವವರಿದ್ದರು. ಒಪ್ಪಿದರೆ ಮುಂದಿನ ರವಿವಾರ, ಪುನರುತ್ಥಾನದ ಹಬ್ಬಕ್ಕೆ, ಅವನು ಹೆಂಡತಿಯ ಪಕ್ಕದಲ್ಲಿ ಮೊಣಕಾಲೂರಬಹುದು. ಒಪ್ಪದಿದ್ದರೆ ಅವನು ಸಭೆಯವನೇ ಅಲ್ಲ ಎಂದಾಗುತ್ತದೆ.

ಸುಗುಣಾ ಬೀಕರಿನ ನೀರಿಗೆ ಅಕ್ಕಿಯ ಗಂಜಿಯನ್ನೂ ಸ್ವಲ್ಪ ಆಮ್ಲವನ್ನೂ ಸೇರಿಸಿ, ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಬಿಟ್ಟಳು. ನೀರು ಕಡುನೀಲಿಯಾಯಿತು.

“ಇದೇನು, ಹೇಳ್ರಿ ನೋಡೂಣು?”

“ಶಾಯಿರಿ ಟೀಚರ್!”

“ಪಾಪ ಅಂತ ತಿಳೀರಿ. ಬರೇ ನೀರು ಹಾಕಿದ್ರ ಹೋಗತೈತೇನು?”

ಒಂದು ಲೋಟ ನೀರು ಸುರಿದಳು. ಬಣ್ಣ ತುಸು ತೆಳುವಾಯಿತು, ಹೋಗಲಿಲ್ಲ. ಆಮೇಲೆ ಬ್ಯುರೆಟ್ಟಿನ ತಿರುಪನ್ನು ತಿರುಗಿಸಿದಳು. ಹೈಪೋ ದ್ರಾವಣ ಹನಿ ಹನಿಯಾಗಿ ಬಿದ್ದಂತೆ ನೀಲಿ ಇಳಿಯುತ್ತ ಬಂತು. ಮಕ್ಕಳು ಮೊಣಕಾಲ ಮೇಲೆ ಎದ್ದು ನೋಡಿದರು. ಒಂದು ಹನಿ ಬಿದ್ದದ್ದೇ ಉಳಿದ ನೀಲಿ ಪೂರ್ತಿ ಮಾಯವಾಯಿತು. ಸರಿಯಾಗಿ ಆ ಹನಿಗೆ ಅವಳು ತಿರುಪು ನಿಲ್ಲಿಸಿದಳು. ಕಾಲೇಜಿನಲ್ಲಿ ಕಲಿಸಿದ್ದು ಹಾಗೆ. ಬಣ್ಣ ಹೋದ ಹನಿಯೇ ಕೊನೆಯ ಹನಿ, ಅದರಾಚೆ ಒಂದು ಹನಿ ಬಿದ್ದರೂ ಲೆಕ್ಕ ತಪ್ಪು.

“ದೇವರು ಕ್ಷಮಿಸಿದ ಮ್ಯಾಲೆ ಹಿಂಗ, ಏನೂ ಕಲಿ ಉಳಿಯೂದಿಲ್ಲ,” ಎಂದಳು. ಮಕ್ಕಳು ಚಪ್ಪಾಳೆ ತಟ್ಟಿದರು. ಪ್ರಾರ್ಥನೆಯಾಯಿತು. ಚುರಮರಿ ಹಂಚುತ್ತಾರೆಂದು ಎಲ್ಲರೂ ಪಡಸಾಲೆಗೆ ಓಡಿದರು. ಯೋನಪ್ಪ ಮಾತ್ರ ಮೇಜಿನ ಹತ್ತಿರ ಬಂದು ತಿಳಿನೀರನ್ನು ನೋಡುತ್ತ ನಿಂತ.

ಅವನನ್ನು ವಿಚಾರಣೆಗೆ ಕರೆಯಲು ಹಿರಿಯರಾದ ಹನೋಕಪ್ಪನವರು ಬರುವ ಹೊತ್ತಿಗೆ ಸುಮಾರು ಅರ್ಧ ತಾಸು ಕಳೆದಿತ್ತು. ಹನೋಕಪ್ಪನವರು ರೈಲು ಹಳಿಗಳ ತಪಾಸಣೆ ಮಾಡಿ ನಿವೃತ್ತರಾದವರು. ಹಳಿ ಒಂದು ನೂಲಿನಷ್ಟು ಸೊಟ್ಟಗಿದ್ದರೂ ಅವರ ಕಣ್ಣಿಗೆ ಬೀಳುತ್ತದೆ ಎಂದು ಹೆಸರಿತ್ತು. ಅವರು ಮೇಜಿನ ಮುಂದೆ ನಿಂತು ಕನ್ನಡಕ ಸರಿಪಡಿಸಿಕೊಂಡರು.

“ಏ ತಂಗೀ, ಇಲ್ಲಿ ಬಾ. ನಿನ್ನ ಪಾಪ ಹೊಳ್ಳಿ ಬಂತು ನೋಡು.”

ಬೀಕರಿನ ನೀರು ಮತ್ತೆ ನೀಲಿಯಾಗಿತ್ತು. ಮೊದಲಿನಷ್ಟು ಕಡುವಲ್ಲ, ಆದರೆ ಬಿಸಿಲಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಸುಗುಣಾ ಮಾತನಾಡುವ ಮೊದಲೇ ಹನೋಕಪ್ಪನವರು ಬೀಕರನ್ನು ಎತ್ತಿಕೊಂಡರು. “ಉಳಿದ ಹಿರ್‍ಯಾರೂ ನೋಡ್ಲಿ,” ಎಂದು ಪಾಸ್ಟರ್ ಅವರ ಕೋಣೆಗೆ ನಡೆದರು. ಯೋನಪ್ಪ ಅವರ ಹಿಂದೆ ಹೋದ.

ಕೋಣೆಯಲ್ಲಿ ಪಾಸ್ಟರ್ ಮತ್ತು ಇನ್ನಿಬ್ಬರು ಹಿರಿಯರು ಕುಳಿತಿದ್ದರು. ರೂತವ್ವ ಬಾಗಿಲ ಹೊರಗೆ ಸೆರಗು ಹೊದ್ದು ನಿಂತಿದ್ದಳು. ಸುಗುಣಾ ಬ್ಯುರೆಟ್ ಹಿಡಿದುಕೊಂಡೇ ಬಂದು ಅವಳ ಪಕ್ಕದಲ್ಲಿ ನಿಂತಳು. ಒಳಗಿನ ಮಾತೆಲ್ಲ ಕೇಳುತ್ತಿತ್ತು.

“ಯೋನಪ್ಪಾ, ಇನ್ನ ಮುಟ್ಟೂದಿಲ್ಲ ಅಂತ ಮಾತು ಕೊಡ್ತೀಯೇನು?” ಎಂದು ಪಾಸ್ಟರ್ ಕೇಳಿದರು.

“ಕೊಡೂದಿಲ್ರಿ ಅಯ್ಯಾರ.”

“ಕೇಳ್ರಿ!” ಎಂದರು ಹನೋಕಪ್ಪನವರು. “ಕುಡಿಯಾಂವನ ಅಂತ ತಾನ ಹೇಳಾಕತ್ತಾನ.”

“ಹಂಗಲ್ರಿ ಹಿರ್‍ಯಾರ. ಕುಡೀಬಾರದು ಅಂತ ಮನಸ್ಸಿನ್ಯಾಗ ಐತ್ರಿ. ಆದ್ರ ಎರಡ ಸಲ ಮಾತು ಕೊಟ್ಟೇನಿ, ಎರಡೂ ಸುಳ್ಳಾದವು. ಮೂರನೇ ಸುಳ್ಳು ಹೇಳಿ ಕರ್ತನ ರೊಟ್ಟಿ ತಿನ್ನಾಕ ನನಗ ಧೈರ್ಯ ಆಗವಲ್ದು. ತಿಂಗಳೆಲ್ಲಾ ಏನೂ ಆಗೂದಿಲ್ರಿ. ಸಂಬಳದ ದಿನ ಕೆಲಸ ಬಿಡೂ ಭೋಂಗಾ ಕೂಗಿದ ಕೂಡ್ಲೇ ಕಾಲು ತಾವ ನಾಲಾದ ಕಡೆ ಹೊಳ್ಳತಾವ.”

ಮಾತು ಕೊಡದೆ ಯಾರನ್ನೂ ಮತ್ತೆ ಒಳಗೆ ತೆಗೆದುಕೊಂಡ ರೂಢಿ ಆ ಸಭೆಯಲ್ಲಿ ಇರಲಿಲ್ಲ. ಹನೋಕಪ್ಪನವರು ಬೀಕರನ್ನು ಮೇಜಿನ ನಡುವೆ ಸರಿಸಿದರು.

“ಇದನ್ನ ನೋಡ್ರಿ. ಟೀಚರ್ ಅಷ್ಟು ಹನಿ ಹಾಕಿ ತಿಳಿ ಮಾಡಿದ್ಲು. ಅರ್ಧ ತಾಸಿಗೆ ಮತ್ತ ಅದ ಬಣ್ಣ. ಇವಂದೂ ಅದ ಕತಿ.”

ಪಾಸ್ಟರ್ ಸುಗುಣಾಳನ್ನು ಒಳಗೆ ಕರೆದರು. ಪ್ರಯೋಗ ಕೆಟ್ಟಿತೇ ಎಂದು ಕೇಳಿದರು. ಕೆಟ್ಟಿತು ಎಂದುಬಿಟ್ಟರೆ ಹನೋಕಪ್ಪನವರ ಮಾತಿಗೆ ಆಧಾರ ಇರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಕಾಕಾನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ.

“ಕೆಟ್ಟಿಲ್ರಿ,” ಎಂದಳು. “ಅದು ಹಂಗ ಆಗೂದ. ಬಣ್ಣ ಹೋದ್ರೂ ಬಣ್ಣ ಕೊಡೂ ವಸ್ತು ನೀರಾಗ ಉಳಿದಿರತೈತ್ರಿ. ಆಮ್ಲ ಐತಿ, ಬಿಸಲಿಗೆ ಇಟ್ಟಿದ್ದೆ. ಗಾಳಿ ತಾಗಿ ಹೊಳ್ಳಿ ಬಂತು.”

“ಹಂಗಾದ್ರ ಹುಡುಗ್ರಿಗೆ ಸುಳ್ಳು ಹೇಳಿದಿ,” ಎಂದರು ಹನೋಕಪ್ಪನವರು.

“ಅರ್ಧ ಹೇಳಿದೆ ರಿ.”

“ಈಗ ಇದಕ್ಕ ಏನು ಮಾಡಬೇಕು?” ಪಾಸ್ಟರ್ ಕೇಳಿದರು.

ಅವಳು ಬ್ಯುರೆಟ್ಟನ್ನು ಬೀಕರಿನ ಮೇಲೆ ಹಿಡಿದು ಹನಿ ಬಿಟ್ಟು ಅಲ್ಲಾಡಿಸಿದಳು. ನೀರು ತಿಳಿಯಾಯಿತು.

“ಮತ್ತ ಬರತೈತೇನು?”

“ಬರತೈತ್ರಿ.”

“ಆವಾಗ?”

“ಮತ್ತೊಂದು ಹನಿ ರಿ.”

ಹನೋಕಪ್ಪನವರು ನಕ್ಕರು. “ಛಲೋ ಆತು! ಇದರ ಮುಂದ ದಿನಾ ಯಾರ ಕುಂಡ್ರಬೇಕವಾ?”

“ಯಾರರೆ ಕುಂಡ್ರಬೇಕಾಗತೈತ್ರಿ,” ಎಂದಳು ಸುಗುಣಾ. ಪ್ರಯೋಗ ಮಾಡುವವರು ಏನು ಮಾಡಬೇಕು ಎಂಬುದಕ್ಕಿಂತ ಹೆಚ್ಚಿನದನ್ನು ಅವಳು ಹೇಳಲಿಲ್ಲ.

ಬಾಗಿಲಿನಿಂದ ರೂತವ್ವ ಮಾತನಾಡಿದಳು. ಹಿರಿಯರ ಸಭೆಯಲ್ಲಿ ಹೆಂಗಸರು ಕೇಳದೆ ಮಾತನಾಡುವ ವಾಡಿಕೆ ಇರಲಿಲ್ಲ, ಆದ್ದರಿಂದ ಎಲ್ಲರೂ ತಿರುಗಿ ನೋಡಿದರು.

“ಮನ್ಯಾಗ ನಾ ಕುಂಡ್ರತೇನ್ರಿ. ಮನೀಗೆ ಬಂದ ಮ್ಯಾಲೆ ಅವರು ನನ್ನ ಕಣ್ಣ ಮುಂದ ಇರ್ತಾರ. ವರ್ಕ್‌ಶಾಪಿನ ಗೇಟಿನಿಂದ ಮನೀ ತನಕದ ದಾರಿ ಅಷ್ಟ ನನ್ನ ಕೈಯಾಗಿಲ್ಲ. ಅಷ್ಟು ಮಂದಿ ಗಂಡಸರು ಹೊರಗ ಬರೂವಾಗ ನಾ ಅಲ್ಲಿ ಹೋಗಿ ನಿಂತ್ರ ಮರುದಿನ ಇವರು ತಲಿ ಎತ್ತಿ ಕೆಲಸಕ್ಕ ಹೋಗೂದು ಹ್ಯಾಂಗ್ರಿ?”

ವರ್ಕ್‌ಶಾಪಿನ ದೊಡ್ಡ ಗೇಟಿಗೆ ಎದುರಾಗಿ ಹನೋಕಪ್ಪನವರ ಮನೆ ಇತ್ತು. ಅದು ಅಲ್ಲಿದ್ದ ಎಲ್ಲರಿಗೂ ತಿಳಿದ ವಿಷಯ. ಇಬ್ಬರು ಹಿರಿಯರು ಒಬ್ಬರಾದ ಮೇಲೆ ಒಬ್ಬರು ಅವರ ಕಡೆ ನೋಡಿದರು. ಪಾಸ್ಟರ್ ಕೊನೆಗೆ ನೋಡಿದರು.

“ನನ್ನ ಯಾಕ ನೋಡ್ತೀರಿ?” ಎಂದರು ಹನೋಕಪ್ಪನವರು. “ರಿಟಾಯರ್ ಆದಾಂವಗ ಉದ್ಯೋಗ ಇಲ್ಲಂತ ತಿಳಿದೀರೇನು? ತ್ವಾಟಕ್ಕ ನೀರು ಬಿಡಾವ್ರು ಯಾರು?”

“ನಿಮ್ಮ ತ್ವಾಟದಾಗ ಇರೂವು ಎರಡ ನುಗ್ಗಿ ಗಿಡ,” ಎಂದರು ಒಬ್ಬ ಹಿರಿಯರು.

ಹನೋಕಪ್ಪನವರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು. ಒರೆಸುವುದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

“ಯೋನಪ್ಪಾ, ಯಾವ ಗೇಟಿನಿಂದ ಹೊರಗ ಬರ್ತಿ?”

“ದಿನಾ ದೊಡ್ಡ ಗೇಟಿನಿಂದ್ರಿ. ಸಂಬಳದ ದಿನ ಹಿಂದಿನ ಗೇಟು.”

“ಹಿಂದಿಂದ್ಯಾಕ?”

“ನಾಲಾ ಹತ್ರ ಆಗತೈತ್ರಿ.”

ಪಾಸ್ಟರ್ ಕೆಮ್ಮಿದಂತೆ ಮಾಡಿ ನಗು ತಡೆದರು.

“ಇನ್ ಮ್ಯಾಲೆ ಸಂಬಳದ ದಿನಾನೂ ದೊಡ್ಡ ಗೇಟು,” ಎಂದರು ಹನೋಕಪ್ಪನವರು. “ನಿನ್ನ ಕೂಡ ಮಾತಾಡೂದಿಲ್ಲ, ಮೊದಲ ಹೇಳೇನಿ. ಸುಮ್ಮ ನಡೀತೇನಿ.”

ಮಾತು ಕೊಡುವ ಪ್ರಶ್ನೆ ಆಮೇಲೆ ಬರಲಿಲ್ಲ. ಪಾಸ್ಟರ್ ಪ್ರಾರ್ಥನೆ ಮಾಡಿದರು. ಎಲ್ಲರೂ ಊಟಕ್ಕೆ ಹೋದರು.

ಏಪ್ರಿಲ್ ಎರಡರಂದು, ಹಬ್ಬದ ಆರಾಧನೆಯಲ್ಲಿ, ಯೋನಪ್ಪ ಎದ್ದು ಹೊರಗೆ ಹೋಗಲಿಲ್ಲ. ರೂತವ್ವನ ಎಡಗಡೆ ಮೊಣಕಾಲೂರಿ ಎರಡೂ ಕೈ ಚಾಚಿದ. ಉಗುರಿನ ಸಂದಿಯಲ್ಲಿ ಗ್ರೀಸು ಕಪ್ಪಾಗಿ ಉಳಿದಿತ್ತು. ಪಾಸ್ಟರ್ ರೊಟ್ಟಿಯ ತುಣುಕನ್ನು ಆ ಕೈಯಲ್ಲಿಟ್ಟು ಮುಂದಕ್ಕೆ ಹೋದರು. ಸುಗುಣಾ ಅದೇ ದಿನ ಮಕ್ಕಳಿಗೆ ಪಾಠದ ಉಳಿದರ್ಧವನ್ನು ಹೇಳಿದಳು. ಮಕ್ಕಳಿಗೆ ಮೊದಲರ್ಧವೇ ಹೆಚ್ಚು ಇಷ್ಟವಾಗಿತ್ತು.

ಏಪ್ರಿಲ್ ಐದು, ಬುಧವಾರ, ಸಂಬಳದ ದಿನ. ಸಂಜೆ ಭೋಂಗಾ ಆದ ಮೇಲೆ ಯೋನಪ್ಪ ದೊಡ್ಡ ಗೇಟಿನಿಂದ ಹೊರಗೆ ಬಂದ. ಹನೋಕಪ್ಪನವರು ಸೈಕಲ್ ಹಿಡಿದು ನಿಂತಿದ್ದರು. ಇಬ್ಬರೂ ನಡೆಯತೊಡಗಿದರು. ಸ್ವಲ್ಪ ದೂರ ಹೋದ ಮೇಲೆ ಹನೋಕಪ್ಪನವರು ಏನೋ ಗೊಣಗಿದರು.

“ಮಾತಾಡೂದಿಲ್ಲ ಅಂದಿದ್ರಲ್ರಿ,” ಎಂದ ಯೋನಪ್ಪ.

“ನಿನ್ನ ಕೂಡ ಎಲ್ಲಿ ಮಾತಾಡಿದೆ? ಸೈಕಲ್ಲಿಗೆ ಬೈಯಾಕತ್ತೇನಿ. ಚೈನ್ ಸಡಲಾಗೇತಿ.”

ನಾಲಾದ ಕಡೆಗೆ ದಾರಿ ಒಡೆಯುವಲ್ಲಿ ಯೋನಪ್ಪನ ನಡಿಗೆ ನಿಧಾನವಾಯಿತು. ಆಮೇಲೆ ನಿಂತೇಬಿಟ್ಟ. ಹನೋಕಪ್ಪನವರೂ ನಿಂತರು. ಕೈ ಹಿಡಿದು ಎಳೆಯಲಿಲ್ಲ, ಬುದ್ಧಿ ಹೇಳಲಿಲ್ಲ. ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿದರು.

“ಫಿಟ್ಟರ್ ಹೌದಿಲ್ಲೋ ನೀ? ಚೈನ್ ನೋಡು.”

ಯೋನಪ್ಪ ರಸ್ತೆಯ ಬದಿಗೆ ಕುಕ್ಕರಗಾಲಿನಲ್ಲಿ ಕುಳಿತ. ಜೇಬಿನ ಪಾನಾ ತೆಗೆದು ಹಿಂದಿನ ಗಾಲಿಯ ನಟ್ಟು ಸಡಿಲಿಸಿ, ಗಾಲಿ ಹಿಂದಕ್ಕೆಳೆದು, ಮತ್ತೆ ಬಿಗಿದ. ಎರಡು ಸಲ ಪೆಡಲ್ ತಿರುಗಿಸಿ ನೋಡಿದ. ಅಷ್ಟರಲ್ಲಿ ವರ್ಕ್‌ಶಾಪಿನ ಜನ ಬಹುತೇಕ ಹಾದುಹೋಗಿದ್ದರು. ಅವನು ಎದ್ದು ಕೈ ಒರೆಸಿಕೊಂಡು ಮನೆಯ ಕಡೆ ತಿರುಗಿದ. ರೂತವ್ವ ಇಬ್ಬರಿಗೂ ಚಹಾ ಕೊಟ್ಟಳು.

ಆಗಸ್ಟಿನಲ್ಲಿ ಹನೋಕಪ್ಪನವರು ಜ್ವರದಿಂದ ಮಲಗಿದ್ದಾಗ ಯೋನಪ್ಪ ಒಂದು ಸಲ ಹಿಂದಿನ ಗೇಟಿನಿಂದ ಹೋದ. ವಿಷಯ ಹಿರಿಯರಿಗೆ ತಿಳಿಯಿತು. ವಿಚಾರಣೆ ಕರೆಯಲಿಲ್ಲ. ಸೆಪ್ಟೆಂಬರಿನ ಸಂಬಳದ ದಿನ ಹನೋಕಪ್ಪನವರು ಕೊರಳಿಗೆ ಮಫ್ಲರ್ ಸುತ್ತಿಕೊಂಡು ದೊಡ್ಡ ಗೇಟಿನ ಮುಂದೆ ನಿಂತಿದ್ದರು. ಅಲ್ಲಿಂದ ಮುಂದೆ, ಯೋನಪ್ಪ ನಿವೃತ್ತನಾಗುವವರೆಗೆ, ಅವರು ಒಂದು ತಿಂಗಳೂ ತಪ್ಪಿಸಲಿಲ್ಲ.

ಆ ದಾರಿಯ ಉದ್ದವನ್ನು ಸುಗುಣಾ ಊರಿನ ನಕ್ಷೆಯ ಮೇಲೆ ದಾರ ಇಟ್ಟು ಅಳೆದಳು. ಗೇಟಿನಿಂದ ಮನೆಯ ಬಾಗಿಲಿಗೆ 2.2 ಕಿಲೋಮೀಟರ್. ಹನೋಕಪ್ಪನವರಿಗೆ ಹೋಗಿ ಬರಲು 4.4 ಕಿಲೋಮೀಟರ್.